ಹಳೆಯ ಟ್ರ್ಯಾಕ್ಟರುಗಳ ಪವರ್ ಸ್ಟಿಯರಿಂಗ್ ಪೆಟ್ಟಿಗೆಯ ಪುನರ್ಜೋಡಣೆ

ಹೇಮಾವತಿಯ ನೀರು ನಾಲೆಯಲ್ಲಿ ಹರಿದು ಬಂದು, ಬಾಗೂರು–ನವಿಲೆಯ ಸುರಂಗವನ್ನು ಹೊಕ್ಕು, ತುಮಕೂರು ಸೀಮೆಯ ಕಡೆಗೆ ಹೋಗುವುದನ್ನು ಚನ್ನರಾಯಪಟ್ಟಣ ತಾಲ್ಲೂಕಿನವರೆಲ್ಲರೂ ಬಲ್ಲರು. ನಾಲೆಯ ಏರಿಯ ದಾರಿಗಳು ಇಕ್ಕಟ್ಟಾದುವು. ಒಂದು ಮಗ್ಗುಲಿಗೆ ನೀರು, ಇನ್ನೊಂದು ಮಗ್ಗುಲಿಗೆ ಇಳಿಜಾರು. ತೆಂಗಿನಕಾಯಿ ತುಂಬಿದ ಟ್ರೈಲರನ್ನೆಳೆದುಕೊಂಡು ಇಂಥ ದಾರಿಯಲ್ಲಿ ಬರುವ ಟ್ರ್ಯಾಕ್ಟರಿನ ಸ್ಟಿಯರಿಂಗ್ ಚಕ್ರವು ಅಂಗೈಯಗಲ ತಿರುಗಿದರೂ ಮುಂದಿನ ಗಾಲಿಗಳು ಅಲುಗದಿದ್ದರೆ ಏನಾದೀತೆಂಬುದನ್ನು ವಿವರಿಸಬೇಕಾದುದಿಲ್ಲ. ಹೀಗಿದ್ದರೂ, ಪೆಟ್ಟಿಗೆಯಿಂದ ಎಣ್ಣೆ ಸೋರತೊಡಗಿದಾಗ ಹೊಸ ಸೀಲು ಹಾಕಿಸಿ, ಮೇಲಿನ ತಿರುಪನ್ನು ಒಂದು ಸುತ್ತು ಬಿಗಿ ಮಾಡಿಸಿ ಸುಮ್ಮನಾಗುವವರೇ ಹೆಚ್ಚು. ಸೀಲು ತಾನಾಗಿ ಕೆಡುವುದು ಅಪರೂಪ. ಅದರೊಳಗೆ ತಿರುಗುವ ಷಾಫ್ಟು ಸವೆದು ಅಲುಗಾಡುವುದರಿಂದಲೇ ಬಹುಮಟ್ಟಿಗೆ ಅದು ಹರಿಯುವುದು. ಷಾಫ್ಟನ್ನು ಹಾಗೆಯೇ ಬಿಟ್ಟು ಸೀಲನ್ನು ಬದಲಾಯಿಸಿದರೆ ಒಂದು ಬೆಳೆಯ ಕೆಲಸ ಮುಗಿಯುವುದರೊಳಗೆ ಮತ್ತೆ ಎಣ್ಣೆ ತೊಟ್ಟಿಕ್ಕುವುದು.

ಎಲ್ಲಾ ಟ್ರ್ಯಾಕ್ಟರುಗಳ ಏರ್ಪಾಡೂ ಒಂದೇ ಬಗೆಯದಲ್ಲ. ಕೆಲವುಗಳಲ್ಲಿ ಎಣ್ಣೆಯು ಕೊಳವೆಗಳ ಮೂಲಕ ನೇರವಾಗಿ ಮುಂದಿನ ಸಿಲಿಂಡರಿಗೆ ಹೋಗುವುದು. ಅವುಗಳಲ್ಲಿ ಪೆಟ್ಟಿಗೆಯೇ ಇರುವುದಿಲ್ಲ. ಪೆಟ್ಟಿಗೆಯೂ, ಅದರಿಂದ ಹೊರಬಿದ್ದ ಡ್ರಾಪ್ ಆರ್ಮೂ ಉಳ್ಳ ಬಗೆಯನ್ನು ಕುರಿತು ಮಾತ್ರ ಇಲ್ಲಿ ಹೇಳಿದೆ. ಲಾರಿಗಳಲ್ಲಿಯೂ ಹಳೆಯ ದೊಡ್ಡ ಕಾರುಗಳಲ್ಲಿಯೂ ಇರುವುದು ಹೆಚ್ಚಾಗಿ ಇದೇ. ಫ್ರಾನ್ಸಿಸ್ ಡೇವಿಸ್ ಎಂಬ ಅಮೆರಿಕದ ಇಂಜಿನಿಯರು ಎಣ್ಣೆಯ ಒತ್ತಡದಿಂದ ಗಾಲಿ ತಿರುಗಿಸುವ ಉಪಾಯವನ್ನು 1926ರಲ್ಲಿಯೇ ಒಂದು ಕಾರಿನಲ್ಲಿ ತೋರಿಸಿದನು. ಕ್ರೈಸ್ಲರ್ ಕಂಪೆನಿಯವರು ಅದನ್ನು ಮಾರಾಟದ ಕಾರುಗಳಲ್ಲಿ ತಂದುದು 1951ರಲ್ಲಿ.

ಈ ಪೆಟ್ಟಿಗೆಯ ಕೆಲಸವು ಹೇಗೆಂದರೆ: ಚಕ್ರದ ದಂಡವು ಒಂದು ಮರೆಯುಳ್ಳ ತಿರುಪನ್ನು ತಿರುಗಿಸುವುದು. ತಿರುಪಿನ ಮೇಲೆ ಉಕ್ಕಿನ ಗುಂಡುಗಳ ಸಾಲಿನ ಆಸರೆಯಿಂದ ಒಂದು ನಟ್ಟು ಹಿಂದಕ್ಕೂ ಮುಂದಕ್ಕೂ ಸರಿಯುವುದು. ಈ ನಟ್ಟೇ ಪಿಸ್ಟನ್ನೂ ಹೌದು. ಅದರ ಹಲ್ಲುಗಳು ಸೆಕ್ಟರ್ ಷಾಫ್ಟಿನ ಹಲ್ಲುಗಳಿಗೆ ಸಿಕ್ಕಿ ಡ್ರಾಪ್ ಆರ್ಮನ್ನು ಅಲುಗಿಸುವುವು. ದಂಡಕ್ಕೂ ತಿರುಪಿಗೂ ನಡುವೆ ಒಂದು ಉಕ್ಕಿನ ಸರಳಿದೆ. ಕೈಯ ಬಲಕ್ಕೆ ಅದು ತುಸು ತಿರುಚಿಕೊಂಡಾಗ ಕವಾಟವು ತೆರೆದು, ಪಂಪಿನ ಎಣ್ಣೆಯು ಪಿಸ್ಟನಿನ ಒಂದು ಮಗ್ಗುಲಿಗೆ ನುಗ್ಗುವುದು. ಪಿಸ್ಟನಿನ ಅಡ್ಡಳತೆ 7 ಸೆಂಟಿಮೀಟರು, ಎಣ್ಣೆಯ ಒತ್ತಡ ಚದರ ಸೆಂಟಿಮೀಟರಿಗೆ 80 ಕಿಲೋಗ್ರಾಂ ಎಂದು ಇಟ್ಟುಕೊಂಡರೆ, ಹಲ್ಲುಗಳ ಮೇಲೆ ಬೀಳುವ ಬಲವು 3,000 ಕಿಲೋಗ್ರಾಮಿಗೆ ಮೀರುವುದು. ನಿಂತಲ್ಲಿಯೇ ಚಕ್ರ ತಿರುಗಿಸುವ ಚಾಳಿಯೂ, ಮುಂದೆ ಭಾರದ ಲೋಡರನ್ನು ಕಟ್ಟುವ ಪದ್ಧತಿಯೂ ಹಲ್ಲುಗಳನ್ನು ಬೇಗ ಸವೆಯಿಸುವುದು ಈ ಕಾರಣದಿಂದಲೇ.

ಪೆಟ್ಟಿಗೆಯನ್ನು ಬಿಚ್ಚುವ ಮೊದಲು ದೋಷವು ಅದರಲ್ಲಿಯೇ ಇದೆಯೆಂದು ಗೊತ್ತು ಮಾಡಿಕೊಳ್ಳತಕ್ಕದ್ದು. ಇಂಜಿನು ನಡೆಯುತ್ತಿರುವಾಗ ಒಬ್ಬರು ಚಕ್ರವನ್ನು ಮೆಲ್ಲಗೆ ಅತ್ತಿತ್ತ ಆಡಿಸಲಿ. ಮತ್ತೊಬ್ಬರು ಗಾಲಿಯ ದಾರಿಗೆ ಅಡ್ಡವಾಗದಂತೆ ಪಕ್ಕದಲ್ಲಿ ನಿಂತು ಡ್ರಾಪ್ ಆರ್ಮನ್ನು ನೋಡಲಿ. ಆರ್ಮು ಅಲುಗಿಯೂ ಗಾಲಿ ಅಲುಗದಿದ್ದರೆ ತಪ್ಪು ಟೈ ರಾಡಿನ ಕೀಲುಗಳಲ್ಲಿರುವುದು. ಅದಕ್ಕೆ ತಗಲುವ ವೆಚ್ಚ ಅಲ್ಪ. ಚಕ್ರ ತಿರುಗಿಯೂ ಆರ್ಮು ನಿಶ್ಚಲವಾಗಿದ್ದರೆ ಮಾತ್ರ ಪೆಟ್ಟಿಗೆಯನ್ನು ಶಂಕಿಸಬೇಕು. ಇಂಜಿನು ನಿಂತಿರುವಾಗ ಈ ಪರೀಕ್ಷೆ ಸಲ್ಲದು; ಆಗ ಒಳಗಿನ ಸರಳು ತಿರುಚಿಕೊಳ್ಳುವುದರಿಂದ ಒಳ್ಳೆಯ ಪೆಟ್ಟಿಗೆಯೂ ಸಡಿಲವಾಗಿರುವಂತೆ ತೋರುವುದು. ಎಣ್ಣೆಯು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆಯೆಂದು ತಿಳಿಯಬೇಕು. ಕೆಸರುಗದ್ದೆಯಲ್ಲಿ ದುಡಿಯುವ ಯಂತ್ರಗಳಲ್ಲಿ ಇದು ಸಾಮಾನ್ಯ.

ಬಿಚ್ಚುವುದಕ್ಕೆ ಮೊದಲು ಹೊರಗಿನ ಮಣ್ಣನ್ನೆಲ್ಲಾ ತೊಳೆದು ಒರೆಸಿ, ಆರ್ಮಿಗೂ ಷಾಫ್ಟಿಗೂ ಸೇರಿದಂತೆ ಒಂದು ಗುರುತು ಹಾಕತಕ್ಕದ್ದು. ಆರ್ಮನ್ನು ಪುಲ್ಲರಿನಿಂದಲೇ ಕೀಳಬೇಕು. ಸುತ್ತಿಗೆಯ ಪೆಟ್ಟು ಗುಂಡುಗಳ ಜಾಡಿನಲ್ಲಿ ಗುಳಿ ಬೀಳಿಸುವುದು. ಗ್ಯಾಸಿನ ಉರಿಯಿಂದ ಕಾಯಿಸಿದರೆ ಉಕ್ಕಿನ ಹದ ಕೆಡುವುದು. ಚಕ್ರವನ್ನು ನಟ್ಟನಡುವಿಗೆ ತಂದು ನಿಲ್ಲಿಸಿದ ಮೇಲೆ ಪಕ್ಕದ ಮುಚ್ಚಳದೊಡನೆ ಸೆಕ್ಟರ್ ಷಾಫ್ಟು ಹೊರಕ್ಕೆ ಬರುವುದು. ಗುಂಡುಗಳನ್ನು ಎಣಿಸಿ ಒಂದು ತಟ್ಟೆಯಲ್ಲಿಡಬೇಕು. ಕೆಲವು ಪೆಟ್ಟಿಗೆಗಳಲ್ಲಿ ಕಪ್ಪು ಗುಂಡು ಒಂದು, ಬಿಳಿ ಗುಂಡು ಒಂದು ಎಂಬಂತೆ ಸಾಲಿರುವುದು. ಕಪ್ಪಿನವು ಕೂದಲೆಳೆಯಷ್ಟು ಸಣ್ಣವು, ಬಿಳಿಯವು ಒಂದಕ್ಕೊಂದು ಉಜ್ಜದಂತೆ ಅವುಗಳನ್ನು ನಡುವೆ ಇಟ್ಟಿರುವರು. ಒಂದು ಕಳೆದುಹೋಯಿತೆಂದು ಅಂಗಡಿಯಿಂದ ಯಾವುದೋ ಒಂದನ್ನು ತಂದು ಸೇರಿಸಲಾಗದು, ಸೆಟ್ಟನ್ನೇ ಬದಲಾಯಿಸಬೇಕು.

ಭಾಗಗಳನ್ನು ಡೀಸೆಲಿನಲ್ಲಿ ತೊಳೆದು, ನೂಲು ಬಿಡದ ಬಟ್ಟೆಯಿಂದ ಒರೆಸಿ, ಬಿಸಿಲಿನ ಬೆಳಕಿನಲ್ಲಿ ನೋಡಬೇಕು. ಸೀಲು ಕೂರುವೆಡೆಯಲ್ಲಿ ಷಾಫ್ಟಿನ ಮೇಲೆ ಉಗುರು ಎಳೆದಾಗ ಗೀರು ತಗಲಿದರೆ, ಅಥವಾ ತುಕ್ಕಿನ ಚುಕ್ಕೆಗಳಿದ್ದರೆ, ಆ ಷಾಫ್ಟಿಗೆ ಎಂಥ ಸೀಲೂ ನಿಲ್ಲದು. ಷಾಫ್ಟನ್ನೂ ಅದರ ಸೂಜಿ ಬೇರಿಂಗನ್ನೂ ಒಟ್ಟಿಗೆ ಬದಲಾಯಿಸುವುದೇ ಲೇಸು. ತಿರುಪಿನ ಜಾಡು ಗುಳಿಬಿದ್ದಿದ್ದರೆ, ಪಿಸ್ಟನಿನ ಕೊಳವೆ ಗೀಚಿದ್ದರೆ, ಅಥವಾ ಎರಕದ ಕವಚ ಸೀಳಿದ್ದರೆ, ಪುನರ್ಜೋಡಣೆಯ ಯೋಚನೆಯನ್ನೇ ಬಿಡಬೇಕು. ಬೆಸುಗೆ ಹಾಕಿಸುವ ಮಾತನ್ನು ಯಾರು ಆಡಿದರೂ ಕೇಳಬಾರದು. ಕವಾಟವೂ ಅದರ ತೋಳೂ ಒಂದಕ್ಕೊಂದು ಹೊಂದಿಸಿ ಮಾಡಿದ ಜೋಡಿ; ಅದನ್ನು ಉಜ್ಜುಕಾಗದದಿಂದ ಮುಟ್ಟಲಾಗದು. ಹೊಸ ಸೀಲನ್ನು ತೊಡಿಸುವಾಗ ಷಾಫ್ಟಿನ ಗೀರುಹಲ್ಲುಗಳ ಮೇಲೆ ನುಣುಪಾದ ಟೇಪು ಸುತ್ತಿ, ಎಣ್ಣೆ ಸವರಿ ಜಾರಿಸಿದರೆ ಸೀಲಿನ ತುಟಿ ಕೊಯ್ಯುವುದಿಲ್ಲ.

ಬಿಗಿಯ ತಿರುಪಿನ ವಿಷಯದಲ್ಲಿ ಅತಿ ಹೆಚ್ಚು ತಪ್ಪುಗಳು ನಡೆಯುವುವು. ಹಲ್ಲುಗಳನ್ನು ನಡುವೆ ತುಸು ಬಿಗಿಯಾಗಿಯೂ ಎರಡು ಕೊನೆಗಳಲ್ಲಿ ತುಸು ಸಡಿಲವಾಗಿಯೂ ಇರುವಂತೆ ಬೇಕೆಂದೇ ಮಾಡಿರುವರು. ನೇರವಾಗಿ ಓಡಿಸುವುದೇ ಹೆಚ್ಚಾದುದರಿಂದ ಸವೆಯುವುದೂ ನಡುವಿನ ಹಲ್ಲೇ. ಆದುದರಿಂದ ಗಾಲಿಗಳು ನೇರವಾಗಿರುವಾಗಲೇ ತಿರುಪನ್ನು ಸರಿಪಡಿಸತಕ್ಕದ್ದು. ಚಕ್ರವು ಒಂದು ಕಡೆಗೆ ತಿರುಗಿರುವಾಗ ಬಿಗಿ ಮಾಡಿದರೆ, ಅದು ನಡುವಿಗೆ ಬಂದಾಗ ಕಚ್ಚಿಕೊಂಡು, ತಿರುವು ಮುಗಿದ ಮೇಲೆ ಗಾಲಿಗಳು ತಾವಾಗಿ ನೇರಕ್ಕೆ ಬಾರವು. ಬಿಗಿಯ ಪ್ರಮಾಣವನ್ನು ತಯಾರಕರ ಪುಸ್ತಕದಿಂದ ತಿಳಿದು ಅಳೆಯುವ ಪಾನದಿಂದಲೇ ನೋಡಬೇಕು. ಕೈಯ ಅಂದಾಜು ಸಾಲದು. ನಡುವಿನ ಹಲ್ಲು ತೀರ ಸವೆದಿದ್ದರೆ ತಿರುಪಿನಿಂದ ಅದನ್ನು ಮುಚ್ಚಲಾಗದು.

ಜೋಡಿಸಿದ ಬಳಿಕ ಮುಂದಿನ ಗಾಲಿಗಳನ್ನು ಜಾಕಿಯಿಂದ ಎತ್ತಿ, ಭದ್ರವಾದ ಆಸರೆ ಕೊಟ್ಟು, ಹೇಳಿದ ಜಾತಿಯ ಎಣ್ಣೆಯನ್ನೇ ತುಂಬಬೇಕು. ಇಂಜಿನನ್ನು ನಡೆಯಿಸದೆ ಚಕ್ರವನ್ನು ಈ ಕೊನೆಯಿಂದ ಆ ಕೊನೆಗೆ ಹಲವು ಸಲ ತಿರುಗಿಸಿ, ಇಳಿದ ಎಣ್ಣೆಯನ್ನು ಮತ್ತೆ ತುಂಬುತ್ತಾ ಗಾಳಿಯನ್ನು ಹೊರಡಿಸಬೇಕು. ಅನಂತರ ಇಂಜಿನನ್ನು ಮೆಲ್ಲಗೆ ನಡೆಯಿಸಿ ಅದನ್ನೇ ಮಾಡಿ, ನೊರೆ ಅಡಗುವವರೆಗೆ ಕಾಯಬೇಕು. ಯಾವ ಕೊನೆಯಲ್ಲಿಯೂ ಐದು ಸೆಕೆಂಡಿಗಿಂತ ಹೆಚ್ಚು ಹಿಡಿದಿಡಬಾರದು. ಎಣ್ಣೆ ಕಾದು ಹೊಸ ಸೀಲು ಕೆಡುವುದು.

ಈ ಕೆಲಸಕ್ಕೆ ತಕ್ಕ ಉಪಕರಣಗಳು ಊರಿನಲ್ಲಿ ಸಿಕ್ಕುವುದು ದುರ್ಲಭ. ಪೆಟ್ಟಿಗೆಯನ್ನು ಪಟ್ಟಣದ ಕಾರ್ಖಾನೆಗೆ ಕೊಡುವವರು ಬದಲಾಯಿಸಿದ ಹಳೆಯ ಭಾಗಗಳನ್ನು ಕೇಳಿ ಪಡೆದು, ಷಾಫ್ಟನ್ನು ತಾವೇ ಉಗುರಿನಿಂದ ನೋಡತಕ್ಕದ್ದು. ಉಳುಮೆ ಮುಗಿದು ಯಂತ್ರಕ್ಕೆ ಬಿಡುವಿರುವಾಗಲೇ ಇದನ್ನು ಮಾಡಿಸುವುದು ಅನುಕೂಲ. ಮರಳಿ ಬಂದ ಟ್ರ್ಯಾಕ್ಟರನ್ನು ಮೊದಲು ಬರಿಯ ಹೊಲದಲ್ಲಿ ಟ್ರೈಲರಿಲ್ಲದೆ ಓಡಿಸಿ, ಒಂದೆರಡು ದಿನಗಳಾದ ಮೇಲೆ ಪೆಟ್ಟಿಗೆಯ ಬೋಲ್ಟುಗಳನ್ನೂ ಆರ್ಮಿನ ನಟ್ಟನ್ನೂ ಮತ್ತೊಮ್ಮೆ ಪರೀಕ್ಷಿಸಿ, ಬಳಿಕ ಏರಿಯ ದಾರಿಗೆ ತರಬಹುದು.