ಸಕ್ಕರೆ ಕಾಯಿಲೆ ಎಂದು ತಿಳಿದ ಮೊದಲ ದಿನಗಳು

ರಕ್ತಪರೀಕ್ಷೆಯ ವರದಿ ನೋಡಿ ವೈದ್ಯರು ಮಧುಮೇಹವಿದೆ ಎಂದೊಡನೆ ಬಹುತೇಕರ ಬಾಯಿಂದ ಬರುವ ಮೊದಲ ಮಾತು: "ನಾನು ಸಿಹಿ ಹೆಚ್ಚಾಗಿ ತಿಂದವನೇ ಅಲ್ಲವಲ್ಲ!" ಆದರೆ ಇದು ಸಿಹಿ ತಿಂದವರಿಗಷ್ಟೇ ಬರುವ ಕಾಯಿಲೆಯಲ್ಲ. ಮೇದೋಜೀರಕ ಗ್ರಂಥಿ ಸ್ರವಿಸುವ ಇನ್ಸುಲಿನ್ ಸಾಲದಾದಾಗ, ಇಲ್ಲವೆ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸದಿದ್ದಾಗ, ಗ್ಲೂಕೋಸ್ ಜೀವಕೋಶಗಳನ್ನು ಸೇರದೆ ರಕ್ತದಲ್ಲಿಯೇ ಉಳಿಯುತ್ತದೆ. ವಂಶಗುಣ, ಹೊಟ್ಟೆಯ ಬೊಜ್ಜು, ಮೈಮುರಿದು ದುಡಿಯದ ಜೀವನಕ್ರಮ ಇವೆಲ್ಲ ಸೇರಿ ಈ ಸ್ಥಿತಿಯನ್ನು ತರುತ್ತವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಆದ್ದರಿಂದ ಇದನ್ನು ತಪ್ಪು ಮಾಡಿದವರಂತೆ ಬಚ್ಚಿಡಬೇಕಾದ ಅಗತ್ಯವಿಲ್ಲ. ಮನೆಯವರಿಂದ ಮುಚ್ಚಿಟ್ಟವರು ಮದುವೆಮನೆಯ ಊಟದಲ್ಲಿ ಬೇಡವೆನ್ನಲಾಗದೆ ಹೋಳಿಗೆ ತಿನ್ನುವುದನ್ನು ನಾವು ಎಷ್ಟೋ ಬಾರಿ ಕಂಡಿದ್ದೇವೆ.

ವರದಿಯ ಅಂಕಿಗಳನ್ನು ಓದಲು ಕಲಿಯುವುದು ಒಳಿತು. ಖಾಲಿಹೊಟ್ಟೆಯಲ್ಲಿ 126 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚಿದ್ದರೆ, ಇಲ್ಲವೆ ಎಚ್‌ಬಿಎ1ಸಿ ಶೇಕಡಾ 6.5 ಮುಟ್ಟಿದ್ದರೆ ಮಧುಮೇಹವೆಂದು ಪರಿಗಣಿಸುತ್ತಾರೆ. ಲಕ್ಷಣಗಳಿಲ್ಲದವರಲ್ಲಿ ಮತ್ತೊಂದು ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳುವುದು ವಾಡಿಕೆ. ಎಚ್‌ಬಿಎ1ಸಿ ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ತಿಳಿಸುವುದರಿಂದ ಪರೀಕ್ಷೆಯ ಹಿಂದಿನ ದಿನ ಮಾತ್ರ ಪಥ್ಯ ಮಾಡಿ ಅದನ್ನು ವಂಚಿಸಲಾಗದು.

ಇನ್ನು ಊಟದ ವಿಚಾರ. ಅನ್ನ ಬಿಟ್ಟು ಜೋಳದ ರೊಟ್ಟಿಯನ್ನೋ ರಾಗಿ ಮುದ್ದೆಯನ್ನೋ ಉಂಡರೆ ಎಲ್ಲ ಸರಿಹೋಯಿತೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಇವುಗಳಲ್ಲಿ ಪಾಲಿಶ್ ಮಾಡಿದ ಅಕ್ಕಿಗಿಂತ ನಾರಿನಂಶ ಹೆಚ್ಚು, ನಿಜ. ಆದರೆ ಅವೂ ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ಎರಡು ದೊಡ್ಡ ಮುದ್ದೆ ರಕ್ತದ ಸಕ್ಕರೆಯನ್ನು ಏರಿಸದೆ ಬಿಡುವುದಿಲ್ಲ. ಧಾನ್ಯ ಯಾವುದೆಂಬುದರಷ್ಟೇ ಅದರ ಪ್ರಮಾಣವೂ ಮುಖ್ಯ. ತಟ್ಟೆಯ ಅರ್ಧದಷ್ಟು ಸೊಪ್ಪು ತರಕಾರಿ, ಕಾಲುಭಾಗ ಮಡಕೆ, ಹೆಸರು ಮೊದಲಾದ ಕಾಳಿನ ಪಲ್ಯ ಅಥವಾ ಬೇಳೆ, ಉಳಿದ ಕಾಲುಭಾಗ ರೊಟ್ಟಿಯೋ ಅನ್ನವೋ ಇರಲಿ. ಬದನೆಕಾಯಿ, ಹೀರೆಕಾಯಿ, ಪುಂಡಿಪಲ್ಯ, ಮೆಂತ್ಯೆಸೊಪ್ಪು ನಮ್ಮ ಅಡುಗೆಮನೆಗೆ ಹೊಸತೇನಲ್ಲ. ರೊಟ್ಟಿ ಒಂದು ಕಡಿಮೆಯಾಗಿ ಪಲ್ಯ ಇನ್ನೊಂದು ಸೌಟು ಹೆಚ್ಚಾದರಾಯಿತು. ಬೆಲ್ಲ ಸಕ್ಕರೆಗಿಂತ ನಿರಪಾಯಕಾರಿಯೆಂಬ ಮಾತನ್ನು ಮಾತ್ರ ನಂಬಬೇಡಿ. ಜಾತ್ರೆಯ ಪ್ರಸಾದದಲ್ಲಿ ಗೋಧಿಹುಗ್ಗಿ ಬಡಿಸಿದಾಗ ಒಂದು ತುತ್ತು ಸ್ವೀಕರಿಸಿ ಸಾಕೆನ್ನುವುದರಲ್ಲಿ ಅಗೌರವವಿಲ್ಲ, ಬಡಿಸುವವರೂ ಒತ್ತಾಯಿಸಬಾರದು. ಊಟದ ಬಳಿಕ ಹದಿನೈದು ನಿಮಿಷ ನಡೆಯುವುದು ಒಳ್ಳೆಯದು. ವಾರಕ್ಕೆ ಒಟ್ಟು 150 ನಿಮಿಷಗಳ ಬಿರುಸು ನಡಿಗೆ ಗುರಿಯಾಗಿರಲಿ.

ಉಪವಾಸದ ಬಗ್ಗೆ ಇಲ್ಲಿ ಹೇಳಲೇಬೇಕು. ಶ್ರಾವಣ ಸೋಮವಾರ, ಶಿವರಾತ್ರಿಗಳಲ್ಲಿ ನಿರಾಹಾರವಿರುವವರು ಗ್ಲಿಮೆಪಿರೈಡ್‌ನಂತಹ ಮಾತ್ರೆ ಅಥವಾ ಇನ್ಸುಲಿನ್ ಪಡೆಯುತ್ತಿದ್ದರೆ ಸಕ್ಕರೆ ಅಪಾಯಕರವಾಗಿ ಇಳಿಯಬಹುದು. ಬೆವರು, ಕೈನಡುಕ, ತಲೆಸುತ್ತು, ಮಂಕು ಕಂಡರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಯಬೇಕು. ಹದಿನೈದು ನಿಮಿಷದಲ್ಲಿ ಚೇತರಿಸದಿದ್ದರೆ ಮತ್ತೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ವ್ರತಕ್ಕೆ ಮೊದಲೇ ವೈದ್ಯರನ್ನು ಕೇಳಿ ಔಷಧದ ಪ್ರಮಾಣ ಬದಲಿಸಿಕೊಳ್ಳುವುದು ಕ್ಷೇಮ. ಉಪವಾಸದ ನೆಪದಲ್ಲಿ ತಿನ್ನುವ ಸಾಬೂದಾಣಿ ಖಿಚಡಿಯೂ ಬಹುಪಾಲು ಪಿಷ್ಟವೇ.

ಮಾತ್ರೆ ನುಂಗಿ ಅಂಕಿ ಇಳಿದೊಡನೆ ಮಾತ್ರೆ ಬಿಡುವವರು ಬಹಳ. ಅಂಕಿ ಇಳಿದದ್ದು ಮಾತ್ರೆಯಿಂದಲೂ ಹೌದೆಂಬುದು ಅವರಿಗೆ ಹೊಳೆಯುವುದಿಲ್ಲ. ಹಾಗಲಕಾಯಿ ರಸ, ನೆನೆಸಿದ ಮೆಂತ್ಯೆಯನ್ನು ಬೇಕಾದವರು ಸೇವಿಸಲಿ. ಅವು ಔಷಧಕ್ಕೆ ಬದಲಿಯಾಗಲಾರವು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಮೊದಲನೆಯ ಬಗೆಯ ಮಧುಮೇಹದಲ್ಲಂತೂ ಇನ್ಸುಲಿನ್ ನಿಲ್ಲಿಸುವುದು ಪ್ರಾಣಕ್ಕೇ ಎರವಾದೀತು. 1922ರಲ್ಲಿ ಕೆನಡಾದ ಟೊರಾಂಟೊದಲ್ಲಿ ಹುಡುಗನೊಬ್ಬನಿಗೆ ಮೊದಲ ಬಾರಿ ಈ ಚುಚ್ಚುಮದ್ದು ಕೊಡುವವರೆಗೆ ಅಂತಹ ಮಕ್ಕಳು ಹೆಚ್ಚು ಕಾಲ ಬದುಕುತ್ತಿರಲಿಲ್ಲ.

ಕಣ್ಣು, ಮೂತ್ರಪಿಂಡ ಹಾಗೂ ಪಾದಗಳನ್ನು ವರ್ಷಕ್ಕೊಮ್ಮೆಯಾದರೂ ಪರೀಕ್ಷಿಸಿಕೊಳ್ಳಿ. ನರಗಳು ಸ್ಪರ್ಶಜ್ಞಾನ ಕಳೆದುಕೊಂಡಾಗ ಮುಳ್ಳು ಚುಚ್ಚಿದ್ದೂ ತಿಳಿಯದು. ಪಾದಯಾತ್ರೆಗೆ ಹೊರಡುವ ಮಧುಮೇಹಿಗಳು ಬರಿಗಾಲಿನಲ್ಲಿ, ಅದರಲ್ಲೂ ಕಾದ ಡಾಂಬರಿನ ಮೇಲೆ ನಡೆಯಬಾರದು. ರಾತ್ರಿ ಮಲಗುವ ಮುನ್ನ ಪಾದ ತೊಳೆದು, ಬೆರಳ ಸಂದುಗಳನ್ನು ಒರೆಸಿ, ಅಂಗಾಲನ್ನು ಕನ್ನಡಿ ಹಿಡಿದು ನೋಡಿಕೊಳ್ಳಿ. ದೃಷ್ಟಿ ಮಂದವಾದವರಿಗೆ ಮನೆಯ ಮೊಮ್ಮಕ್ಕಳು ನೋಡಿ ಹೇಳಲಿ.