ಆಯುಸ್ಸಿನ ಲೆಕ್ಕ

ಚಿಟ್ಟಿಲಿಯ ಹೃದಯವು ನಿಮಿಷಕ್ಕೆ ಸುಮಾರು ೬೦೦ ಬಾರಿ ಮಿಡಿಯುತ್ತದೆ. ಆನೆಯದು ೩೦ ಬಾರಿ. ಚಿಟ್ಟಿಲಿಯ ಆಯುಸ್ಸು ಹೆಚ್ಚೆಂದರೆ ೩ ವರ್ಷ, ಆನೆಯದು ೬೦. ಗುಣಿಸಿ ನೋಡಿದರೆ ಎರಡರ ಪಾಲಿಗೂ ಬರುವುದು ಸುಮಾರು ೧೦೦ ಕೋಟಿ ಮಿಡಿತಗಳು! ಭೌತವಿಜ್ಞಾನವನ್ನು ಬೋಧಿಸುವ ನಮಗೆ ಇಂತಹ ಲೆಕ್ಕಗಳಲ್ಲಿ ಬಲು ಮೋಹ. ದೇಹವು ಶಕ್ತಿಯನ್ನು ಬೇಗ ವ್ಯಯಮಾಡಿದಷ್ಟೂ ಆಯುಸ್ಸು ಕುಗ್ಗುವುದೆಂದು ಜರ್ಮನಿಯ ಮ್ಯಾಕ್ಸ್ ರುಬ್ನರ್ ಅವರು ೧೯೦೮ರಲ್ಲಿ ವಾದಿಸಿದ್ದರು.

ಆದರೆ ವಾಚಕರು ತಮ್ಮ ನಾಡಿಯನ್ನೇ ಹಿಡಿದು ಎಣಿಸಲಿ. ನಿಮಿಷಕ್ಕೆ ೭೦ರಂತೆ ೭೦ ವರ್ಷಕ್ಕೆ ೨೫೦ ಕೋಟಿ ಮೀರುತ್ತದೆ! ಬಾವಲಿಯಂತೂ ಈ ಅಂದವಾದ ಸೂತ್ರವನ್ನು ಪೂರ್ಣವಾಗಿ ಕೆಡಿಸಿಬಿಟ್ಟಿದೆ. ಸೈಬೀರಿಯದಲ್ಲಿ ಉಂಗುರ ತೊಡಿಸಿ ಬಿಟ್ಟಿದ್ದ ಒಂದು ಬಾವಲಿಯು ಕನಿಷ್ಠ ೪೧ ವರ್ಷ ಬದುಕಿದ್ದ ಸಂಗತಿ ೨೦೦೫ರಲ್ಲಿ ಪ್ರಕಟವಾಯಿತು. ಆ ಜಾತಿಯ ತೂಕ ಸುಮಾರು ೭ ಗ್ರಾಂ, ಚಿಟ್ಟಿಲಿಗಿಂತಲೂ ಹಗುರ. ಚಳಿಗಾಲದ ದೀರ್ಘನಿದ್ರೆಯಿಂದ ಅದಕ್ಕೆ ಉಳಿತಾಯವುಂಟು, ನಿಜ. ಆದರೆ ಹಾಗೆ ನಿದ್ರಿಸದ ಬಾವಲಿಗಳೂ ದೀರ್ಘಾಯುಗಳೇ.

ಕಾರಣವನ್ನು ಹೃದಯದಲ್ಲಲ್ಲ, ರೆಕ್ಕೆಯಲ್ಲಿ ಹುಡುಕಬೇಕು. ೧೯೫೭ರಲ್ಲಿ ಜಾರ್ಜ್ ವಿಲಿಯಮ್ಸ್ ಅವರು ತೋರಿದ ದಾರಿಯಿದು. ವರ್ಷದೊಳಗೆ ಬೆಕ್ಕಿಗೋ ಗೂಬೆಗೋ ತುತ್ತಾಗುವ ಇಲಿಗೆ, ಇಪ್ಪತ್ತು ವರ್ಷ ಬಾಳಬಲ್ಲ ಗಟ್ಟಿ ದೇಹವಿದ್ದು ಫಲವೇನು? ಬೇಗ ಬೆಳೆದು ಬೇಗ ಮರಿಹಾಕುವ ಇಲಿಯ ವಂಶವೇ ಉಳಿಯುತ್ತದೆ. ಮುಪ್ಪಿನಲ್ಲಿ ಹಾನಿಮಾಡುವ ದೋಷಗಳು ಸಂತತಿಯಿಂದ ಸಂತತಿಗೆ ಸದ್ದಿಲ್ಲದೆ ಸಾಗುತ್ತವೆ. ಅವನ್ನು ಸೋಸಿ ತೆಗೆಯುವಷ್ಟು ಕಾಲ ಇಲಿ ಬದುಕುವುದೇ ಇಲ್ಲವಲ್ಲ! ಹಾರಿ ತಪ್ಪಿಸಿಕೊಳ್ಳುವ ಬಾವಲಿಯ ಸ್ಥಿತಿ ಬೇರೆ. ಅದು ಬಹುಕಾಲ ಮರಿಹಾಕಬಲ್ಲದು. ಆದ್ದರಿಂದ ದೇಹವನ್ನು ಸುಸ್ಥಿತಿಯಲ್ಲಿಟ್ಟುಕೊಳ್ಳುವ ವಂಶಕ್ಕೇ ಅಲ್ಲಿ ಗೆಲವು. ಆನೆಗೆ ಗಾತ್ರವೂ ಆಮೆಗೆ ಚಿಪ್ಪೂ ಇದೇ ಉಪಕಾರವನ್ನು ಮಾಡಿವೆ.