ಖಾಸಗಿ ಶಾಲೆಗೆ ಮಾನ್ಯತೆ ಕೊಡುವವರು ಯಾರು?

ಕಟ್ಟಡ, ಶಿಕ್ಷಕರು, ಮಕ್ಕಳು ಇದ್ದ ಮಾತ್ರಕ್ಕೆ ಖಾಸಗಿ ಶಾಲೆ ನಡೆಸಲು ಬರುವುದಿಲ್ಲ. ಅದಕ್ಕೆ ಶಾಲಾ ಶಿಕ್ಷಣ ಇಲಾಖೆಯ ಮಾನ್ಯತೆ ಇರಬೇಕು. ಗದಗ ಜಿಲ್ಲೆಯಲ್ಲಿ ಈ ಕಡತ ಆಯಾ ವಲಯದ ಕ್ಷೇತ್ರ ಶಿಕ್ಷಣಾಧಿಕಾರಿಯ, ಅಂದರೆ ಬಿಇಒ ಅವರ ಕಚೇರಿಯಿಂದ ಹೊರಟು ಗದಗಿನ ಉಪನಿರ್ದೇಶಕರ ಕಚೇರಿ ಮುಟ್ಟುತ್ತದೆ. ಖಾಸಗಿ ಶಾಲೆಗಳ ಆಡಳಿತ ಮಂಡಳಿಗಳಿಗೆ ತಮ್ಮವೇ ಸಂಘಗಳಿವೆ. ಶಾಲೆಗಳ ಕಷ್ಟಸುಖಕ್ಕೆ ನಿಲ್ಲುವುದು ಸಂಘಗಳ ಕೆಲಸ, ಶಾಲೆಗೆ ಮುದ್ರೆ ಒತ್ತುವುದು ಸರ್ಕಾರದ ಕೆಲಸ. ಈ ವಿಂಗಡಣೆ ಹೊಸದಲ್ಲ, ಇದರ ಬೇರು ಬ್ರಿಟಿಷರ ಕಾಲದಲ್ಲಿದೆ.

ಸ್ವಾತಂತ್ರ್ಯ ಬರುವವರೆಗೆ ಈಗಿನ ಗದಗ ಜಿಲ್ಲೆಯ ಗದಗ-ಬೆಟಗೇರಿ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಒಂದೇ ಆಡಳಿತದಲ್ಲಿ ಇರಲಿಲ್ಲ. ಗದಗ-ಬೆಟಗೇರಿಯೂ ಮುಂಡರಗಿಯೂ ಮುಂಬೈ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿದ್ದವು. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ್ದು, ಲಕ್ಷ್ಮೇಶ್ವರ ಮೀರಜ್ ಸಂಸ್ಥಾನದ್ದು. ಒಂದು ದಿನದಲ್ಲಿ ಸುತ್ತಿ ಬರಬಹುದಾದ ನಾಲ್ಕು ಊರುಗಳ ಶಾಲೆಗಳು ಮೂರು ಸರ್ಕಾರಗಳಿಗೆ ಲೆಕ್ಕ ಒಪ್ಪಿಸುತ್ತಿದ್ದ ಕಾಲವದು.

ಈ ಭಾಗದಲ್ಲಿ ಹೊಸ ಬಗೆಯ ಖಾಸಗಿ ಶಾಲೆಗೆ ನಾಂದಿ ಹಾಡಿದವರಲ್ಲಿ ಬಾಸೆಲ್ ಮಿಶನ್‌ನವರು ಮುಖ್ಯರು. 1834ರಲ್ಲಿ ಮಂಗಳೂರಿಗೆ ಬಂದ ಮಿಶನ್, ಧಾರವಾಡ ಮತ್ತು ಹುಬ್ಬಳ್ಳಿಯ ಬಳಿಕ 1841ರಲ್ಲಿ ನೇಕಾರರ ಊರಾದ ಬೆಟಗೇರಿಯಲ್ಲಿ ನೆಲೆ ಮಾಡಿತು. ಗದಗಿಗೆ ಹತ್ತಿರದ ಮಲ್ಲಸಮುದ್ರದಲ್ಲೂ ಅದೇ ವರ್ಷ ಒಂದು ಕೇಂದ್ರ ತೆರೆಯಿತು. ಹುಡುಗಿಯರನ್ನು ಶಾಲೆಗೆ ಕರೆತಂದದ್ದು ಇಂಥ ಶಾಲೆಗಳ ದೊಡ್ಡ ಕೆಲಸ.

1854ರ ವುಡ್ ವರದಿ ಖಾಸಗಿ ಶಾಲೆಗೂ ಸರ್ಕಾರಕ್ಕೂ ಇರಬೇಕಾದ ಸಂಬಂಧವನ್ನು ಗೊತ್ತುಮಾಡಿತು. ಒಳ್ಳೆಯ ಲೌಕಿಕ ಶಿಕ್ಷಣ ಕೊಡುವ, ಸ್ಥಳೀಯರ ಆಡಳಿತವಿರುವ, ತಪಾಸಣೆಗೆ ಒಪ್ಪುವ ಶಾಲೆಗೆ ಸರ್ಕಾರ ಸಹಾಯಧನ ಕೊಡಬೇಕು ಎಂಬುದು ಅದರ ಸೂತ್ರ. ಹಣ ಬೇಕೆಂದರೆ ಇನ್‌ಸ್ಪೆಕ್ಟರಿಗೆ ಬಾಗಿಲು ತೆರೆಯಬೇಕು. ಅನುದಾನ ಮತ್ತು ತಪಾಸಣೆಯ ಈ ಜೋಡಿ ನೂರೆಪ್ಪತ್ತು ವರ್ಷ ಕಳೆದರೂ ಬಿಟ್ಟುಹೋಗಿಲ್ಲ. 1882ರ ಹಂಟರ್ ಆಯೋಗ ಖಾಸಗಿ ಪ್ರಯತ್ನಕ್ಕೆ ಇನ್ನಷ್ಟು ಒತ್ತು ಕೊಟ್ಟಿತು.

ಆದರೆ ಶಾಲೆಗಳನ್ನು ಎತ್ತಿ ನಿಲ್ಲಿಸಿದ್ದು ಸರ್ಕಾರದ ಸಹಾಯಧನವೊಂದೇ ಅಲ್ಲ. 1890ರಲ್ಲಿ ಧಾರವಾಡದಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘ ಮರಾಠಿಯ ಭಾರದಡಿ ಕುಗ್ಗಿದ್ದ ಕನ್ನಡ ವಿದ್ಯೆಗೆ, ಕನ್ನಡ ಪುಸ್ತಕಗಳಿಗೆ ಬೆನ್ನಾಯಿತು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಸೇರಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ, ಅಂದರೆ ಕೆಎಲ್‌ಇ ಕಟ್ಟಿದರು. ಜನ ಅವರನ್ನು ಸಪ್ತರ್ಷಿಗಳೆಂದೇ ಕರೆಯುತ್ತಾರೆ. ಗದಗಿನ ಜಗದ್ಗುರು ತೋಂಟದಾರ್ಯ ಕಾಲೇಜು ಅದೇ ಸಂಸ್ಥೆಯದು. ಮುಂಡರಗಿಯಲ್ಲಿ ಅನ್ನದಾನೀಶ್ವರರ ಹೆಸರಿನ ವಿದ್ಯಾ ಸಮಿತಿ ಇದೆ. ಉತ್ತರ ಕರ್ನಾಟಕದಲ್ಲಿ ಖಾಸಗಿ ಶಾಲೆ ಎಂದರೆ ಬಹುಕಾಲ ಮಠದ ಶಾಲೆ, ಸಮಿತಿಯ ಶಾಲೆ, ಮಿಶನ್ ಶಾಲೆ ಎಂದೇ ಅರ್ಥವಿತ್ತು. ಜೋಳದ ಚೀಲ, ಹತ್ತಿಯ ಹಣ, ಭಕ್ತರ ಕಾಣಿಕೆ ಇವೇ ಅವುಗಳ ಬಂಡವಾಳ.

ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಇಲ್ಲಿ ಬಿಡುವಂತಿಲ್ಲ. ಹುಟ್ಟು ಅಂಧರಾದ ಪಂಚಾಕ್ಷರಿ ಗವಾಯಿಗಳು ಶಿಷ್ಯರನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಸಂಗೀತ ಕಲಿಸಿದರು. ಅವರ ಆ ಸಂಚಾರಿ ಶಾಲೆ ಕೊನೆಗೆ ಗದಗಿನಲ್ಲಿ ನೆಲೆ ನಿಂತಿತು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಪುಟ್ಟರಾಜ ಗವಾಯಿಗಳು 2010ರವರೆಗೆ ಅದನ್ನು ನಡೆಸಿದರು. ಕಣ್ಣಿಲ್ಲದ ಎಷ್ಟೋ ಬಡ ಮಕ್ಕಳು ಅಲ್ಲಿ ಅನ್ನ ಉಂಡು, ಹಾರ್ಮೋನಿಯಂ, ತಬಲಾ ಕಲಿತು ಸ್ವಂತ ಕಾಲ ಮೇಲೆ ನಿಂತರು. ಊರಿಂದೂರಿಗೆ ನಡೆದ ಶಾಲೆಯನ್ನು ಅಳೆಯುವ ಕಾಲಂ ಯಾವ ಅರ್ಜಿ ನಮೂನೆಯಲ್ಲೂ ಇರಲಾರದು. ಮಾನ್ಯತೆಯ ಬಗ್ಗೆ ಮಾತನಾಡುವಾಗ ಈ ಮಿತಿ ಸದಾ ನೆನಪಿನಲ್ಲಿರಬೇಕು.

1956ರಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ಅದರಿಂದ ಗದಗ ಜಿಲ್ಲೆ ಬೇರೆಯಾಯಿತು. ಖಾಸಗಿ ಶಾಲೆಗಳಿಗೆ ಈಗ ಅನ್ವಯವಾಗುವ ಮುಖ್ಯ ಕಾನೂನುಗಳು ಎರಡು. ಒಂದು, 1983ರ ಕರ್ನಾಟಕ ಶಿಕ್ಷಣ ಅಧಿನಿಯಮ. ರಾಷ್ಟ್ರಪತಿಗಳ ಅಂಕಿತಕ್ಕೆ ಕಾದು ಅದು ಜಾರಿಗೆ ಬಂದದ್ದು 1995ರಲ್ಲಿ. ಇದರ 30 ಮತ್ತು 31ನೇ ಪ್ರಕರಣಗಳು ನೋಂದಣಿಯನ್ನು, 36ನೇ ಪ್ರಕರಣ ಮಾನ್ಯತೆಯನ್ನು, 39ನೇ ಪ್ರಕರಣ ಮಾನ್ಯತೆ ಹಿಂತೆಗೆಯುವುದನ್ನು ಹೇಳುತ್ತವೆ. ಇನ್ನೊಂದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ. ಮಾನ್ಯತೆ ಇಲ್ಲದೆ ಶಾಲೆ ನಡೆಸಿದರೆ ಅದರ 18ನೇ ಪ್ರಕರಣದಂತೆ ಒಂದು ಲಕ್ಷ ರೂಪಾಯಿವರೆಗೆ ದಂಡ. ಮತ್ತೂ ಮುಂದುವರಿಸಿದರೆ ದಿನಕ್ಕೆ 10,000 ರೂಪಾಯಿ.

ಶಾಲೆ ತೆರೆಯುವವರು ಮೊದಲು ಸಂಘವನ್ನೋ ಟ್ರಸ್ಟನ್ನೋ ನೋಂದಾಯಿಸಬೇಕು. ಜಾಗದ ಕಾಗದ, ಕಟ್ಟಡ ಸುರಕ್ಷತೆ ಮತ್ತು ಅಗ್ನಿ ಸುರಕ್ಷತೆಯ ಪ್ರಮಾಣಪತ್ರ, ಶಿಕ್ಷಕರ ವಿದ್ಯಾರ್ಹತೆಯ ದಾಖಲೆ ಒದಗಿಸಬೇಕು. ಹೊಲದಲ್ಲಿ ಶಾಲೆ ಕಟ್ಟಿದವರು ಜಮೀನನ್ನು ಎನ್‌ಎ, ಅಂದರೆ ಕೃಷಿಯೇತರ ಮಾಡಿಸಿರಬೇಕು. ಆಮೇಲೆ ತಪಾಸಣೆ. ಬಂದ ಅಧಿಕಾರಿ ಕೊಠಡಿಗಳನ್ನು ಎಣಿಸುತ್ತಾರೆ, ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಬೇರೆ ಬೇರೆ ಶೌಚಾಲಯ ಇವೆಯೇ, ನಲ್ಲಿಯಲ್ಲಿ ನೀರು ಬರುತ್ತದೆಯೇ ಎಂದು ನೋಡುತ್ತಾರೆ. ಗಾಲಿಕುರ್ಚಿ ಹತ್ತುವ ಇಳಿಜಾರು, ಆಟದ ಬಯಲು, ಆವರಣ ಗೋಡೆ, ಗ್ರಂಥಾಲಯ ಇವೂ ಪಟ್ಟಿಯಲ್ಲಿವೆ. ದಾಖಲಾತಿ ರಿಜಿಸ್ಟರನ್ನೂ ಹಾಜರಿ ಪುಸ್ತಕವನ್ನೂ ತಾಳೆ ನೋಡಲಾಗುತ್ತದೆ. ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳಿಗೆ ಕನಿಷ್ಠ ಇಬ್ಬರು ಶಿಕ್ಷಕರು, ಆರರಿಂದ ಎಂಟರವರೆಗೆ 35 ಮಕ್ಕಳಿಗೊಬ್ಬರು ಇರಬೇಕು. ವರ್ಷಕ್ಕೆ ಕಿರಿಯ ತರಗತಿಗಳಿಗೆ 200, ಹಿರಿಯ ತರಗತಿಗಳಿಗೆ 220 ಕೆಲಸದ ದಿನ ಆಗಬೇಕು.

ಇವೆಲ್ಲ ಬೇಕಾದವೇ. ಶೌಚಾಲಯವಿಲ್ಲದ್ದಕ್ಕೇ ಹುಡುಗಿಯರು ಶಾಲೆ ಬಿಟ್ಟ ಉದಾಹರಣೆ ಯಾವ ತಾಲ್ಲೂಕಿನಲ್ಲೂ ಸಿಗುತ್ತದೆ. ಆದರೆ ಈ ಪಟ್ಟಿಯ ಪ್ರಕಾರ ಪಾಸಾದ ಶಾಲೆಯಲ್ಲಿ ಮಕ್ಕಳು ಓದಲು ಕಲಿತಿದ್ದಾರೆ ಎಂದು ಅರ್ಥವಲ್ಲ. ಶಾಲೆ ಕನಿಷ್ಠ ಮಟ್ಟ ಮುಟ್ಟಿದೆ ಎಂಬುದಕ್ಕಿಂತ ಹೆಚ್ಚಿನದನ್ನು ಮಾನ್ಯತೆಯ ಆದೇಶ ಹೇಳುವುದಿಲ್ಲ.

ಮಾನ್ಯತೆಯ ಷರತ್ತು ಎಷ್ಟು ದೊಡ್ಡ ಜಗಳಕ್ಕೆ ದಾರಿಯಾಗಬಲ್ಲದು ಎಂಬುದನ್ನು ಕಲಿಕಾ ಮಾಧ್ಯಮದ ಮೊಕದ್ದಮೆ ತೋರಿಸಿತು. 1994ರ ಏಪ್ರಿಲ್ 29ರ ಸರ್ಕಾರಿ ಆದೇಶದಂತೆ ಒಂದರಿಂದ ನಾಲ್ಕನೇ ತರಗತಿವರೆಗೆ ಕಲಿಕೆ ಮಾತೃಭಾಷೆಯಲ್ಲಿ ಅಥವಾ ಕನ್ನಡದಲ್ಲಿ ನಡೆಯಬೇಕಿತ್ತು. ಎಷ್ಟೋ ಶಾಲೆಗಳು ಕಾಗದದ ಮೇಲೆ ಕನ್ನಡ ಮಾಧ್ಯಮಕ್ಕೆ ಮಾನ್ಯತೆ ಪಡೆದು, ತರಗತಿಯಲ್ಲಿ ಇಂಗ್ಲಿಷ್ ಮಾಧ್ಯಮ ನಡೆಸಿದವು. 2006ರ ಸುಮಾರಿಗೆ ಸರ್ಕಾರ ಅಂಥ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆ ರದ್ದುಮಾಡಲು ಹೊರಟಿತು. ಆಗ ಶಿಕ್ಷಣ ಸಚಿವರಾಗಿದ್ದವರು ಬಸವರಾಜ ಹೊರಟ್ಟಿ. ಗದಗ, ಧಾರವಾಡ, ಹಾವೇರಿ, ಉತ್ತರ ಕನ್ನಡ ಜಿಲ್ಲೆಗಳ ಶಿಕ್ಷಕರು ಮತ ಹಾಕುವ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಅವರು 1980ರಿಂದ ವಿಧಾನ ಪರಿಷತ್ತಿಗೆ ಆರಿಸಿ ಬರುತ್ತಿದ್ದವರು. ಆಂಗ್ಲ ಮಾಧ್ಯಮ ಶಾಲೆಗಳ ಆಡಳಿತ ಮಂಡಳಿಗಳ ಸಂಘ ಹೋರಾಡಿ 2008ರಲ್ಲಿ ಹೈಕೋರ್ಟಿನ ಪೂರ್ಣಪೀಠದಲ್ಲಿ ಗೆದ್ದಿತು. 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಸಂಘದ ಪರವಾಗಿಯೇ ತೀರ್ಪು ಕೊಟ್ಟಿತು. ಮಾಧ್ಯಮದ ಆಯ್ಕೆ ಪಾಲಕರಿಗೆ ಬಿಟ್ಟದ್ದು, ಮಾನ್ಯತೆಯ ಷರತ್ತಾಗಿ ಸರ್ಕಾರ ಅದನ್ನು ಹೇರುವಂತಿಲ್ಲ ಎಂದಾಯಿತು. ಕನ್ನಡ ಶಾಲೆಗಳ ಪಾಲಿಗೆ ಇದು ದೊಡ್ಡ ಪೆಟ್ಟು. ಮರುವರ್ಷ ಬಂದ ಕನ್ನಡ ಭಾಷಾ ಕಲಿಕೆ ಅಧಿನಿಯಮ ಕನ್ನಡವನ್ನು ಒಂದು ಭಾಷೆಯಾಗಿ ಕಲಿಸುವುದನ್ನು ಕಡ್ಡಾಯ ಮಾಡಿತು, ಮಾಧ್ಯಮವಾಗಿ ಅಲ್ಲ.

ಸಂಘಗಳ ಬಲ ಎಷ್ಟೆಂದು ಈ ಮೊಕದ್ದಮೆಯಿಂದ ತಿಳಿಯಿತು. ಇಂದು ಕ್ಯಾಮ್ಸ್, ಕುಸ್ಮಾ, ರುಪ್ಸಾ ಎಂಬ ಚಿಕ್ಕ ಹೆಸರುಗಳಿಂದ ಪರಿಚಿತವಾದ ರಾಜ್ಯಮಟ್ಟದ ಸಂಘಗಳಿವೆ. ಮಾನ್ಯತೆ ನವೀಕರಣದ ತೊಡಕು, ಶಿಕ್ಷಣ ಹಕ್ಕಿನಡಿ ಸೇರಿದ ಮಕ್ಕಳ ಶುಲ್ಕ ಮರುಪಾವತಿ, ಸುರಕ್ಷತಾ ನಿಯಮ ಇಂಥ ವಿಷಯಗಳಲ್ಲಿ ಇವು ಇಲಾಖೆಯ ಜೊತೆ ವ್ಯವಹರಿಸುತ್ತವೆ, ಬೇಕಾದರೆ ಕೋರ್ಟಿಗೂ ಹೋಗುತ್ತವೆ. 1995ರ ನಂತರ ಆರಂಭವಾದ ಕನ್ನಡ ಮಾಧ್ಯಮ ಶಾಲೆಗಳಿಗೆ ಅನುದಾನ ಕೊಡಿ ಎಂಬುದು ಆಡಳಿತ ಮಂಡಳಿಗಳ ಮತ್ತು ಶಿಕ್ಷಕರ ಹಳೆಯ ಬೇಡಿಕೆ. ಸಣ್ಣ ಊರಿನ ಕನ್ನಡ ಶಾಲೆಗೆ ಇದು ಉಳಿವಿನ ಪ್ರಶ್ನೆ. ಅಲ್ಲಿ ಶುಲ್ಕ ಏರಿಸಿದರೆ ಮಕ್ಕಳು ಬರುವುದಿಲ್ಲ, ಏರಿಸದಿದ್ದರೆ ಶಿಕ್ಷಕರಿಗೆ ಸಂಬಳವಿಲ್ಲ.

ಸದಸ್ಯ ಶಾಲೆಗಳು ಹೇಗೆ ಕಲಿಸುತ್ತಿವೆ ಎಂದು ನೋಡಿ ಹೇಳುವ ಹೊಣೆ ಮಾತ್ರ ಈ ಸಂಘಗಳ ಮೇಲಿಲ್ಲ. ಅಮೆರಿಕದಲ್ಲಿ ಇದು ಬೇರೆ ಥರ ಬೆಳೆಯಿತು. ಅಲ್ಲಿನ ನ್ಯೂ ಇಂಗ್ಲೆಂಡ್ ಪ್ರಾಂತದ ಶಾಲೆ-ಕಾಲೇಜುಗಳು 1885ರಲ್ಲಿ ತಮ್ಮದೇ ಒಕ್ಕೂಟ ಕಟ್ಟಿಕೊಂಡವು. ಅದರ ಪದ್ಧತಿಯಲ್ಲಿ ಶಾಲೆ ಮೊದಲು ತನ್ನನ್ನು ತಾನೇ ತಿಂಗಳುಗಟ್ಟಲೆ ಪರಿಶೀಲಿಸಿ ವರದಿ ಬರೆಯುತ್ತದೆ. ಆಮೇಲೆ ಬೇರೆ ಶಾಲೆಗಳ ಶಿಕ್ಷಕರ ತಂಡ ಬಂದು, ತರಗತಿಗಳಲ್ಲಿ ಕೂತು ನೋಡಿ, ವರದಿ ನಿಜವೇ ಎಂದು ಹೇಳುತ್ತದೆ. ಕೆಲವು ವರ್ಷಗಳಿಗೊಮ್ಮೆ ಇದು ಮರುಕಳಿಸುತ್ತದೆ.

ನಮ್ಮಲ್ಲಿ ಕಾಲೇಜುಗಳಿಗೆ ಇಂಥ ವ್ಯವಸ್ಥೆ ಇದೆ. ಅದನ್ನು ನಡೆಸುವ, 1994ರಲ್ಲಿ ಸ್ಥಾಪನೆಯಾದ ನ್ಯಾಕ್‌ನ ಕೇಂದ್ರ ಕಚೇರಿ ಬೆಂಗಳೂರಿನಲ್ಲಿಯೇ ಇದೆ. ಶಾಲೆಗಳ ಮಟ್ಟಿಗೆ ಕರ್ನಾಟಕ ಶಾಲಾ ಗುಣಮಟ್ಟ ಮೌಲ್ಯಾಂಕನ ಮತ್ತು ಅಂಗೀಕರಣ ಪರಿಷತ್ತು ಎಂಬ ಸಂಸ್ಥೆ ಹುಟ್ಟಿತಾದರೂ, ಅದರ ಹೆಚ್ಚಿನ ಕೆಲಸ ಮಕ್ಕಳ ಕಲಿಕಾ ಮಟ್ಟದ ಪರೀಕ್ಷೆಗಳದ್ದು. 2015ರಲ್ಲಿ ಕೇಂದ್ರ ತಂದ ಶಾಲಾ ಸಿದ್ಧಿ ಕಾರ್ಯಕ್ರಮ ನ್ಯೂ ಇಂಗ್ಲೆಂಡಿನ ಪದ್ಧತಿಗೆ ಹೆಚ್ಚು ಹತ್ತಿರ. ಬೋಧನೆ, ನಾಯಕತ್ವ, ಸುರಕ್ಷತೆ, ಊರಿನವರ ಪಾಲ್ಗೊಳ್ಳುವಿಕೆ ಸೇರಿ ಏಳು ಕ್ಷೇತ್ರಗಳಲ್ಲಿ 46 ಮಾನದಂಡಗಳಿಗೆ ಶಾಲೆ ತಾನೇ ಅಂಕ ಹಾಕಿಕೊಳ್ಳಬೇಕು. ಹೊರಗಿನವರ ಕಣ್ಣು ಬೀಳದಿದ್ದರೆ ಇದು ಪೋರ್ಟಲ್‌ನಲ್ಲಿ ತುಂಬುವ ಇನ್ನೊಂದು ಅರ್ಜಿಯಷ್ಟೇ ಆಗುತ್ತದೆ. ಮುಂಡರಗಿಯ ಶಿಕ್ಷಕರು ಲಕ್ಷ್ಮೇಶ್ವರದ ಶಾಲೆಗೆ, ಶಿರಹಟ್ಟಿಯವರು ಬೆಟಗೇರಿಗೆ ಹೋಗಿ ಪರಸ್ಪರ ಪಾಠ ನೋಡಿ ಅಭಿಪ್ರಾಯ ಬರೆದು ಕೊಡಲು ಹೊಸ ಕಾನೂನೇನೂ ಬೇಕಿಲ್ಲ. ಆಡಳಿತ ಮಂಡಳಿಗಳ ಸಂಘಗಳು ಮನಸ್ಸು ಮಾಡಿದರೆ ಬರುವ ಜೂನ್‌ನಲ್ಲೇ ಶುರು ಮಾಡಬಹುದಾದ ಕೆಲಸವಿದು.

ಅಲ್ಲಿಯವರೆಗೆ ಪಾಲಕರ ಕೈಯಲ್ಲಿರುವುದು ಮಾನ್ಯತೆಯ ಆದೇಶವೊಂದೇ. ಮಾನ್ಯತೆ ಇಲ್ಲದ ಶಾಲೆಯ ಮಗು ವರ್ಗಾವಣೆ ಪತ್ರ ಪಡೆಯುವಾಗ, ಎಸ್‌ಎಸ್‌ಎಲ್‌ಸಿಗೆ ಹೆಸರು ನೋಂದಾಯಿಸುವಾಗ ಪರದಾಡಬೇಕಾಗುತ್ತದೆ. ಮಗುವನ್ನು ಸೇರಿಸುವ ಮೊದಲು ಆದೇಶದ ಪ್ರತಿ ಕೇಳಿ ನೋಡಿ. ಯಾವ ತರಗತಿಗಳಿಗೆ, ಯಾವ ಮಾಧ್ಯಮಕ್ಕೆ, ಎಲ್ಲಿಯವರೆಗೆ ಮಾನ್ಯತೆ ಇದೆ ಎಂಬುದು ಅದರಲ್ಲಿರುತ್ತದೆ. ಶಾಲೆಯ ಹನ್ನೊಂದು ಅಂಕಿಯ ಯು-ಡೈಸ್ ಸಂಖ್ಯೆಯನ್ನೂ ಕೇಳಿ. ಗದಗ ಜಿಲ್ಲೆಯ ಶಾಲೆಯಾದರೆ ಅದು 2908ರಿಂದ ಆರಂಭವಾಗುತ್ತದೆ.